ಬೇವಿನ ಸೋಪು ಮನೆಯಲ್ಲೇ: ಗಿಡದ ಸಾರ ಮೊದಲು ಬೇಡ, ಕೊನೆಗೆ ಹಾಕಿ

ಬೇವಿನ ಸೋಪು ಮಾಡಲು ಹೊರಟವರಲ್ಲಿ ಬಹಳ ಜನ ಮೊದಲು ಮಿಕ್ಸಿ ತೆಗೆಯುತ್ತಾರೆ. ಬೇವಿನ ಸೊಪ್ಪು, ತುಳಸಿ, ಒಂದಿಷ್ಟು ಅರಿಶಿನ ರುಬ್ಬಿ, ಸೋಸಿ, ಆ ಹಸಿರು ರಸಕ್ಕೇ ಕಾಸ್ಟಿಕ್ ಸೋಡಾ, ಅಂದರೆ ಎಣ್ಣೆಯನ್ನು ಸೋಪಾಗಿಸುವ ಕ್ಷಾರ, ಸುರಿಯುತ್ತಾರೆ. ನೋಡನೋಡುತ್ತಲೇ ರಸ ಕಂದು ಬಣ್ಣಕ್ಕೆ ತಿರುಗುತ್ತದೆ. ವಾಸನೆಯೂ ಕೆಡುತ್ತದೆ. ಅಷ್ಟು ಬಿಸಿ, ಅಷ್ಟು ಖಾರದ ಕ್ಷಾರದಲ್ಲಿ ಗಿಡದ ಒಳ್ಳೆಯ ಅಂಶ ಉಳಿಯುವುದು ಕಷ್ಟ. ಸೋಪೇನೋ ಆಗುತ್ತದೆ. ಆದರೆ ಅದರಲ್ಲಿ ಬೇವು ಹೆಸರಿಗಷ್ಟೇ ಇರುತ್ತದೆ.

ಹಾಗಾಗಿ ಎಷ್ಟು ಸೊಪ್ಪು ಹಾಕಿದಿರಿ ಅನ್ನುವುದಕ್ಕಿಂತ ಯಾವಾಗ ಹಾಕಿದಿರಿ ಅನ್ನುವುದು ಮುಖ್ಯ. ಕಾಸ್ಟಿಕ್ ಸೋಡಾ ತನ್ನ ಕೆಲಸ ಮುಗಿಸಲಿ. ಅದು ಎಣ್ಣೆಯ ಜೊತೆ ಪೂರ್ತಿ ಸೇರಿ ಸೋಪಾದ ಮೇಲೆ ಬೇವು ಬರಲಿ. ಇದಕ್ಕೆ ಬೇಯಿಸಿ ಮಾಡುವ ವಿಧಾನ ಸರಿಹೊಂದುತ್ತದೆ. ಕಲಸಿ ಅಚ್ಚಿಗೆ ಸುರಿದು ಬಿಡುವ ತಣ್ಣನೆ ವಿಧಾನದಲ್ಲಿ ನುಣುಪಾದ, ಚೆಂದದ ಬಿಲ್ಲೆ ಬರುತ್ತದೆ, ನಿಜ. ಆದರೆ ಅಲ್ಲಿ ಬೇವಿನೆಣ್ಣೆಯನ್ನು ಕೊನೆಗೆ ಹಾಕಿದರೂ ಕ್ಷಾರ ಇನ್ನೂ ಖರ್ಚಾಗಿರುವುದಿಲ್ಲ. ಅದು ಬೇವಿನೆಣ್ಣೆಯನ್ನೂ ಬಿಡುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ಗಿಡಮೂಲಿಕೆ ಏನೂ ಇಲ್ಲದ ಸಾದಾ ಸೋಪೂ ಬ್ಯಾಕ್ಟೀರಿಯಾ ಓಡಿಸುತ್ತದೆ. ಸೋಪಿನ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಜಿಡ್ಡು ಬೇಕು. ಚರ್ಮದ ಮೇಲಿನ ಜಿಡ್ಡನ್ನು ಅದು ಎಬ್ಬಿಸಿದಾಗ ಅದರಲ್ಲಿ ಕೂತ ಕ್ರಿಮಿಗಳೂ ನೀರಿನ ಜೊತೆ ಹೊರಟು ಹೋಗುತ್ತವೆ. 2016ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನೆಬಳಕೆಯ ಆ್ಯಂಟಿಬ್ಯಾಕ್ಟೀರಿಯಲ್ ಸೋಪುಗಳಿಂದ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ತೆಗೆಸಿತು. ಸಾದಾ ಸೋಪು ಮತ್ತು ನೀರಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಕಂಪನಿಗಳು ಸಾಕಷ್ಟು ಆಧಾರ ಕೊಡಲಿಲ್ಲ ಅನ್ನುವುದು ಅದರ ಕಾರಣ. ಬೇವಿಗೂ ಟೀ ಟ್ರೀ ಎಣ್ಣೆಗೂ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ. ಆದರೆ ಸೋಪು ಮೈಮೇಲೆ ಇರುವುದೇ ಅರ್ಧ ನಿಮಿಷ. ಗಾಯಕ್ಕೆ, ಹುಳುಕಡ್ಡಿಗೆ ಇದನ್ನೇ ಔಷಧಿ ಅಂದುಕೊಳ್ಳಬೇಡಿ. ದಿನದ ಸ್ನಾನಕ್ಕೆ, ಕೈತೊಳೆಯಲು ಒಳ್ಳೆಯ ಸೋಪು, ಅಷ್ಟೇ.

ಏನೇನು ಬೇಕು

ಗಾಣದ ತೆಂಗಿನೆಣ್ಣೆ ಈಗ ಬೆಂಗಳೂರಿನ ಸುಮಾರು ಎಲ್ಲ ಬಡಾವಣೆಯಲ್ಲೂ ಸಿಗುತ್ತದೆ. ಆದರೆ ಸೋಪಿಗೆ ಗಾಣದ್ದೇ ಬೇಕಿಲ್ಲ, ಮಾಮೂಲಿ ತೆಂಗಿನೆಣ್ಣೆ ಸಾಕು. ದುಬಾರಿ ಎಣ್ಣೆಯನ್ನು ಕ್ಷಾರಕ್ಕೆ ಸುರಿಯುವುದು ಸುಮ್ನೆ ದಂಡ. ಬೇವಿನೆಣ್ಣೆ, ಒಣ ತುಳಸಿ, ಕಸ್ತೂರಿ ಅರಿಶಿನ ಇವೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಬೇವಿನೆಣ್ಣೆ ಕೊಳ್ಳುವಾಗ ಗಿಡಕ್ಕೆ ಹೊಡೆಯುವ ಬಾಟಲಿ ತರಬೇಡಿ. ಅದರಲ್ಲಿ ನೀರಿಗೆ ಬೆರೆಯಲೆಂದು ಬೇರೆ ವಸ್ತು ಸೇರಿಸಿರುತ್ತಾರೆ. ಬೇವಿನ ಸೊಪ್ಪಿಗಂತೂ ಬರ ಇಲ್ಲ, ಯಾವುದಾದರೂ ಬೀದಿಯಲ್ಲಿ ಮರ ಇದ್ದೇ ಇರುತ್ತದೆ. ವಾಹನ ಜಾಸ್ತಿ ಓಡಾಡುವ ರಸ್ತೆಯ ಬದಿಯದು ಮಾತ್ರ ಬೇಡ.

ಆರೇಳು ಬಿಲ್ಲೆ ಸೋಪಿಗೆ ಅಳತೆ ಹೀಗಿದೆ:

ತೆಂಗಿನೆಣ್ಣೆ 250 ಗ್ರಾಂ
ಅಕ್ಕಿ ತೌಡಿನ ಎಣ್ಣೆ 175 ಗ್ರಾಂ
ಹರಳೆಣ್ಣೆ 50 ಗ್ರಾಂ
ಕಾಸ್ಟಿಕ್ ಸೋಡಾ 74 ಗ್ರಾಂ
ಡಿಸ್ಟಿಲ್ಡ್ ವಾಟರ್ 180 ಗ್ರಾಂ
ಕೊನೆಗೆ ಹಾಕಲು ಬೇವಿನೆಣ್ಣೆ 15 ಗ್ರಾಂ, ಸೊಪ್ಪು ಕಾಯಿಸಿದ ಎಣ್ಣೆ 10 ಗ್ರಾಂ
ಟೀ ಟ್ರೀ ಎಣ್ಣೆ 5 ಗ್ರಾಂ, ನೀಲಗಿರಿ ಎಣ್ಣೆ 5 ಗ್ರಾಂ

ಎಲ್ಲವೂ ತೂಕದಲ್ಲಿ. ನೀರೂ ಸಹ. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾಸ್ಟಿಕ್ ಸೋಡಾ ಕೆಮಿಕಲ್ ಅಂಗಡಿಯಿಂದ ತನ್ನಿ. ಸೋಡಿಯಂ ಹೈಡ್ರಾಕ್ಸೈಡ್, ಶುದ್ಧತೆ 98 ಪರ್ಸೆಂಟ್ ಅಥವಾ ಅದಕ್ಕಿಂತ ಮೇಲೆ ಅಂತ ಬರೆದಿರಬೇಕು. ಸಿಂಕ್ ಪೈಪ್ ಕ್ಲೀನ್ ಮಾಡುವ ಪುಡಿಯಲ್ಲಿ ಬೇರೆ ಏನೇನೋ ಇರುತ್ತದೆ, ಅದು ಬೇಡವೇ ಬೇಡ. ಅಡುಗೆ ಸೋಡಾ, ವಾಷಿಂಗ್ ಸೋಡಾ ಕೂಡ ಇದಕ್ಕೆ ಆಗುವುದಿಲ್ಲ.

ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಬೇಡ. ಕಾಸ್ಟಿಕ್ ಸೋಡಾ ಅದನ್ನು ತಿಂದುಹಾಕುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಸೋಪಿಗೆ ಬಳಸಿದ ಪಾತ್ರೆ, ಸೌಟು, ಹ್ಯಾಂಡ್ ಬ್ಲೆಂಡರ್ ಮತ್ತೆ ಅಡುಗೆಗೆ ಹೋಗಬಾರದು.

74 ಗ್ರಾಂ ಎಲ್ಲಿಂದ ಬಂತು?

ಇದನ್ನು ತಿಳಿದುಕೊಂಡರೆ ನಾಳೆ ಎಣ್ಣೆ ಬದಲಿಸಬೇಕಾದಾಗ ಯಾರನ್ನೂ ಕೇಳಬೇಕಿಲ್ಲ. ಪ್ರತಿ ಎಣ್ಣೆಯೂ ಪೂರ್ತಿ ಸೋಪಾಗಲು ಇಂತಿಷ್ಟೇ ಕಾಸ್ಟಿಕ್ ಸೋಡಾ ಕೇಳುತ್ತದೆ. 1 ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ. ಅಕ್ಕಿ ತೌಡಿನ ಎಣ್ಣೆಗೂ ಹರಳೆಣ್ಣೆಗೂ 0.128. ಗುಣಿಸಿ ನೋಡಿ: 250ಕ್ಕೆ 45.75, 175ಕ್ಕೆ 22.4, 50ಕ್ಕೆ 6.4. ಕೂಡಿದರೆ 74.55. ಅದನ್ನು 74ಕ್ಕೆ ಇಳಿಸಿದ್ದೇವೆ. ಇಲ್ಲಿ ಯಾವಾಗಲೂ ಕೆಳಕ್ಕೇ ಇಳಿಸಬೇಕು, ಮೇಲಕ್ಕೆ ಏರಿಸಬಾರದು. ಎಣ್ಣೆ ಸ್ವಲ್ಪ ಉಳಿದರೆ ಚರ್ಮಕ್ಕೆ ಒಳ್ಳೆಯದೇ, ಕ್ಷಾರ ಉಳಿದರೆ ಚರ್ಮ ಸುಡುತ್ತದೆ.

ಬೇವಿನೆಣ್ಣೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಗಮನಿಸಿದಿರಾ? ಬೇಕೆಂದೇ ಬಿಟ್ಟಿರುವುದು. ಕ್ಷಾರವೆಲ್ಲ ಮೂರು ಎಣ್ಣೆಗಳಲ್ಲೇ ಖರ್ಚಾಗಬೇಕು. ಆಮೇಲೆ ಬರುವ 25 ಗ್ರಾಂ ಎಣ್ಣೆ ಎಣ್ಣೆಯಾಗಿಯೇ ಉಳಿಯಬೇಕು. ಒಟ್ಟು ಎಣ್ಣೆಯಲ್ಲಿ ಅದು 5 ಪರ್ಸೆಂಟ್. ಇದಕ್ಕಿಂತ ಜಾಸ್ತಿ ಹಾಕಿದರೆ ಸೋಪು ಮೆತ್ತಗಾಗುತ್ತದೆ, ಬೇವಿನ ನಾತವೂ ತಡೆಯುವುದಿಲ್ಲ.

ತೌಡಿನ ಎಣ್ಣೆ ಬದಲು ಎಳ್ಳೆಣ್ಣೆ ಹಾಕುವವರು ಮತ್ತೆ ಲೆಕ್ಕ ಹಾಕಿ. ಎಳ್ಳೆಣ್ಣೆ 0.133ರ ಆಸುಪಾಸು ಕೇಳುತ್ತದೆ.

ಸೊಪ್ಪಿನ ಎಣ್ಣೆ

ಇದನ್ನು ಸೋಪು ಮಾಡುವ ಹಿಂದಿನ ದಿನವೇ ಮುಗಿಸಿಕೊಳ್ಳಿ. ಬೇವಿನ ಎಲೆ, ತುಳಸಿ ಎಲೆ ತೊಳೆದು ನೆರಳಲ್ಲಿ ಗರಿಗರಿಯಾಗುವ ತನಕ ಒಣಗಿಸಿ. ಬಿಸಿಲು ಬೇಡ, ತುಳಸಿಯ ಘಮ ಹಾರಿಹೋಗುತ್ತದೆ. ಎಲೆಯಲ್ಲಿ ಸ್ವಲ್ಪ ತೇವ ಉಳಿದರೂ ಎಣ್ಣೆ ಕೆಡುತ್ತದೆ. ಮಳೆಗಾಲದಲ್ಲಿ ಒಣಗದೇ ಇದ್ದರೆ ಗ್ರಂಥಿಗೆ ಅಂಗಡಿಯ ಒಣ ಎಲೆಯೇ ವಾಸಿ.

ಎರಡೂ ಸೇರಿ 10 ಗ್ರಾಂ ಒಣ ಎಲೆಯನ್ನು ಕೈಯಲ್ಲೇ ಪುಡಿಮಾಡಿ 60 ಗ್ರಾಂ ತೆಂಗಿನೆಣ್ಣೆಗೆ ಹಾಕಿ. ಈ 60 ಗ್ರಾಂ ಬೇರೆಯದು, ಮೇಲಿನ ಅಳತೆಯದಲ್ಲ. ಸಣ್ಣ ಸ್ಟೀಲ್ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ನೇರ ಉರಿಗೆ ಇಟ್ಟರೆ ಎಲೆ ಕರಿದು ಹೋಗುತ್ತದೆ. ಎಣ್ಣೆ ಹಸಿರಾದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಎಲೆ ಒಂದಿಷ್ಟು ಎಣ್ಣೆ ಕುಡಿದಿರುತ್ತದೆ. ಆದ್ದರಿಂದ ಬಳಸುವ 10 ಗ್ರಾಂ ಅನ್ನು ಸೋಸಿದ ಮೇಲೆಯೇ ತೂಗಬೇಕು. ಉಳಿದದ್ದನ್ನು ಬಾಟಲಿಗೆ ಹಾಕಿ ಕತ್ತಲಲ್ಲಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.

ಶ್ರೀಗಂಧದ ಸೋಪಿನ ಕಥೆಯೂ ಹೀಗೇ ಅಲ್ವಾ. ಒಂದನೇ ಮಹಾಯುದ್ಧದ ಕಾಲಕ್ಕೆ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ಇಳಿಸಲು ಶುರು ಮಾಡಿತು. ಆ ಎಣ್ಣೆಯಿಂದಲೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಸೋಪು ಬಂತು. ಗಂಧದ ಚಕ್ಕೆ ಅರೆದು ಹಾಕಿ ಮಾಡಿದ ಸೋಪಲ್ಲ ಅದು. ಹಸಿರು ಮೆಟ್ರೋದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ದಾಟುವಾಗ ನೆನಪಿಸಿಕೊಳ್ಳಿ.

ಕಾಸ್ಟಿಕ್ ಸೋಡಾ ಕರಗಿಸುವುದು

ಇಲ್ಲಿ ಅವಸರ ಬೇಡ. ಕನ್ನಡಕ ಅಂದರೆ ಓದುವ ಕನ್ನಡಕ ಅಲ್ಲ, ಕಣ್ಣಿನ ಸುತ್ತ ಮುಚ್ಚುವ ಗಾಗಲ್ಸ್. ಕೈಗೆ ರಬ್ಬರ್ ಗ್ಲೌಸ್, ಮೈಗೆ ತುಂಬು ತೋಳಿನ ಬಟ್ಟೆ, ಕಾಲಿಗೆ ಮುಚ್ಚಿದ ಚಪ್ಪಲಿ. ಮಕ್ಕಳು, ನಾಯಿ, ಬೆಕ್ಕು ಬಾಗಿಲ ಆಚೆಗಿರಲಿ. ಅಪಾರ್ಟ್‌ಮೆಂಟಿನವರಿಗೆ ಯುಟಿಲಿಟಿ ಒಳ್ಳೆಯ ಜಾಗ. ಗಾಳಿ ಇರುತ್ತದೆ, ನಲ್ಲಿ ಪಕ್ಕದಲ್ಲೇ ಇರುತ್ತದೆ.

ಸ್ಟೀಲ್ ಪಾತ್ರೆಯಲ್ಲಿ 180 ಗ್ರಾಂ ತಣ್ಣನೆ ನೀರಿಟ್ಟು, ಅದಕ್ಕೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕಲಕಿ. ನೀರಿಗೆ ಸೋಡಾ. ಸೋಡಾ ಮೇಲೆ ನೀರು ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಸ್ಟೌವ್ ಇಲ್ಲದೆಯೇ ನೀರು 80 ಡಿಗ್ರಿ ದಾಟಬಹುದು. ಮೊದಲು ಏಳುವ ಆವಿಗೆ ಮುಖ ಒಡ್ಡಬೇಡಿ. ನೀರು ತಿಳಿಯಾಗುವ ತನಕ ಕಲಕಿ ಪಕ್ಕಕ್ಕಿಡಿ.

ಮೈಗೆ ಸಿಡಿದರೆ ಕೂಡಲೇ ನಲ್ಲಿ ಕೆಳಗೆ ಹಿಡಿದು 15ರಿಂದ 20 ನಿಮಿಷ ನೀರು ಹರಿಸಿ. ನಿಂಬೆಹಣ್ಣು, ವಿನೆಗರ್ ಹಚ್ಚಬೇಡಿ, ಇನ್ನಷ್ಟು ಬಿಸಿ ಹುಟ್ಟುತ್ತದೆ. ಕಣ್ಣಿಗೆ ಬಿದ್ದರೆ ಹಾಗೇ ನೀರು ಹರಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದ ಸೋಡಾವನ್ನು ಖಾಲಿ ನೀರಿನ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಯಾರಾದರೂ ಕುಡಿದರೆ ಗತಿ ಏನು? ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಹೆಸರು ಬರೆದು, ಎತ್ತರದಲ್ಲಿಡಿ.

ಬೇಯಿಸುವುದು

ಮೂರೂ ಎಣ್ಣೆಗಳನ್ನು ದೊಡ್ಡ ಸ್ಟೀಲ್ ಪಾತ್ರೆಗೆ ಹಾಕಿ ಬೆಚ್ಚಗೆ ಮಾಡಿ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಪೂರ್ತಿ ಕರಗಿಸಿಕೊಳ್ಳಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಬೇಯುವಾಗ ಸೋಪು ಉಕ್ಕುತ್ತದೆ.

ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ನಿಧಾನವಾಗಿ ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರ್ ಓಡಿಸಿ. ಕೆಲವು ಸೆಕೆಂಡ್ ಓಡಿಸಿ, ನಿಲ್ಲಿಸಿ, ಹಾಗೇ ಕಲಕಿ, ಮತ್ತೆ ಓಡಿಸಿ. ಸೌಟಿನಿಂದ ಎತ್ತಿ ಬಿಟ್ಟಾಗ ಮೇಲೆ ಗೆರೆ ಮೂಡಿ ಒಂದು ಕ್ಷಣ ನಿಲ್ಲಬೇಕು. ಕರೆಂಟ್ ಹೋದರೆ ಕೈಯಲ್ಲೇ ತಿರುವಬಹುದು, ಆದರೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ.

ಈಗ ಈ ಪಾತ್ರೆಯನ್ನು ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗಿಟ್ಟು ಮುಚ್ಚಿ. ಉರಿ ಸಣ್ಣಗಿರಲಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ತೆಗೆದು ಕಲಕಿ. ಮೊದಲು ಅಂಚು ಬೇಯುತ್ತದೆ, ಆಮೇಲೆ ನಡು. ನಡುವೆ ಒಮ್ಮೆ ಎಣ್ಣೆ ಒಡೆದು ಬೇರೆಯಾದಂತೆ ಕಾಣಬಹುದು. ಗಾಬರಿ ಬೇಡ, ಕಲಕಿ ಮುಚ್ಚಿ. ಹೊರಗಿನ ಪಾತ್ರೆಯ ನೀರು ಬತ್ತದಂತೆ ನೋಡಿಕೊಳ್ಳಿ. ಒಂದರಿಂದ ಒಂದೂವರೆ ಗಂಟೆಯಲ್ಲಿ ಬಿಳಿ ಬಣ್ಣ ಹೋಗಿ, ಹದ ಬಂದ ಹಾಲುಬಾಯಿಯ ಹಾಗೆ ಮಿನುಗುತ್ತಾ ಪಾತ್ರೆ ಬಿಡತೊಡಗುತ್ತದೆ.

ಕಣ್ಣಿಗೆ ಬೆಂದಂತೆ ಕಂಡರೆ ಸಾಲದು. ಒಂದು ಚೂರು ಸೋಪನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ, ಕ್ಷಾರ ಎಷ್ಟು ಖಾರ ಅಂತ ತೋರಿಸುವ ಪಿಎಚ್ ಕಾಗದ ಅದ್ದಿ. 9ರಿಂದ 10 ಬಂದರೆ ಸರಿ, ಸೋಪು ಇರುವುದೇ ಹಾಗೆ. 11 ತೋರಿಸಿದರೆ ಇನ್ನೂ ಇಪ್ಪತ್ತು ನಿಮಿಷ ಬೇಯಿಸಿ ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಎಲ್ಲೋ ತೂಕ ತಪ್ಪಿದೆ ಅಂತ ಅರ್ಥ. ಆ ಸೋಪು ಮೈಗೆ ಬೇಡ. ನಾಲಿಗೆ ತಾಗಿಸಿ ನೋಡುವ ಪದ್ಧತಿಯೂ ಇದೆ. ಹತ್ತಾರು ರೂಪಾಯಿಯ ಕಾಗದ ಇರುವಾಗ ನಾಲಿಗೆ ಯಾಕೆ ಸುಟ್ಟುಕೊಳ್ಳಬೇಕು?

ಬೇವಿನ ಸರದಿ

ಉರಿ ಆರಿಸಿ, ಪಾತ್ರೆ ಹೊರಗೆ ತೆಗೆದು, ಸೋಪು 70 ಡಿಗ್ರಿಯ ಹತ್ತಿರ ಇಳಿಯಲಿ. ಬೇವಿನೆಣ್ಣೆ, ಸೊಪ್ಪಿನ ಎಣ್ಣೆ ಸ್ವಲ್ಪ ಬೆಚ್ಚಗೆ ಮಾಡಿ ಸುರಿದು ಚೆನ್ನಾಗಿ ಕಲಸಿ. ಕಡೆಗೆ ಟೀ ಟ್ರೀ ಮತ್ತು ನೀಲಗಿರಿ. ಇವು ಬೇಗ ಆವಿಯಾಗುತ್ತವೆ, ಅದಕ್ಕೇ ಕೊನೆಗೆ. ಬೇವಿನ ವಾಸನೆಯನ್ನು ಇವು ಪೂರ್ತಿ ಮುಚ್ಚುವುದಿಲ್ಲ, ಆದರೆ ಸಹಿಸುವಂತೆ ಮಾಡುತ್ತವೆ. ಲವಂಗದ ಎಣ್ಣೆ ಹಾಕುವ ಆಸೆ ಬೇಡ. ಚರ್ಮ ಉರಿಯುವವರು ಜಾಸ್ತಿ.

ಅರಿಶಿನ ಬೇಕೆಂದರೆ ಅರ್ಧ ಚಮಚ ಪುಡಿ ಸಾಕು. ಅದು ಹಳದಿಯಾಗಿ ಉಳಿಯುವುದಿಲ್ಲ, ಕೆಂಪು ಕಂದಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಗೊತ್ತಲ್ಲ, ಅದೇ ಕ್ಷಾರದ ಆಟ. ಕ್ಷಾರದಲ್ಲಿ ಅರಿಶಿನದ ಕುರ್ಕುಮಿನ್ ಬೇಗ ಒಡೆದು ಹೋಗುತ್ತದೆ. ಹಾಗಾಗಿ ಬಣ್ಣಕ್ಕೆ ಹಾಕಿ, ಗುಣಕ್ಕೆ ಅಂತ ಬೇಡ. ಜಾಸ್ತಿಯಾದರೆ ಬಿಳಿ ಟವೆಲ್ಲಿಗೆ ಕಲೆ. ಹಸಿ ಲೋಳೆಸರ, ಹಸಿ ಸೊಪ್ಪಿನ ಪೇಸ್ಟ್ ಬೇಡ, ಒಳಗೇ ಕೊಳೆಯಬಹುದು.

ಅಚ್ಚಿಗೆ ಸಿಲಿಕಾನ್ ಕೇಕ್ ಟ್ರೇ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಮೊಸರಿನ ಡಬ್ಬಿಗೆ ಬೇಕಿಂಗ್ ಪೇಪರ್ ಹಾಸಿ. ಬೇಯಿಸಿದ ಸೋಪು ಹರಿಯುವುದಿಲ್ಲ, ಸೌಟಿನಿಂದ ಒತ್ತಿ ತುಂಬಬೇಕು. ಗಾಳಿಗುಳ್ಳೆ ಹೋಗುವಂತೆ ಡಬ್ಬಿಯನ್ನು ಬಟ್ಟೆಯ ಮೇಲೆ ಕುಟ್ಟಿ. ಮೇಲ್ಮೈ ಒರಟಾಗಿಯೇ ಇರುತ್ತದೆ, ಅಂಗಡಿಯ ನುಣುಪು ಇದಕ್ಕೆ ಬರುವುದಿಲ್ಲ.

ಮರುದಿನ ಬಿಲ್ಲೆ ಕತ್ತರಿಸಿ, ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಕಡೆ ಇಡಿ. ಬೇಯಿಸಿದ್ದರಿಂದ ಮಾರನೇ ದಿನವೇ ಬಳಸಬಹುದು. ಆದರೆ ಮೂರು ನಾಲ್ಕು ವಾರ ಕಾದರೆ ನೀರಿನಂಶ ಹೋಗಿ ಸೋಪು ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬೇಗ ಒಣಗುತ್ತದೆ. ಜುಲೈನಿಂದ ಅಕ್ಟೋಬರ್ ತನಕ ಬಿಲ್ಲೆಯ ಮೇಲೆ ನೀರಿನ ಹನಿ ಕಟ್ಟಬಹುದು. ಸೋಪಿನಲ್ಲಿ ಹುಟ್ಟುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಹಾಗೆ. ಕೆಟ್ಟಿದೆ ಅಂತಲ್ಲ. ಫ್ಯಾನ್ ಕೆಳಗಿಡಿ.

ಮೊದಲ ಸಲ ಮೊಣಕೈಯ ಒಳಭಾಗಕ್ಕೆ ನೊರೆ ಹಚ್ಚಿ ತೊಳೆದು, ಒಂದು ದಿನ ಕಾದು ನೋಡಿ. ಹಸುಗೂಸಿಗೆ ಈ ಸೋಪು ಬೇಡ.

ಬೋರ್‌ವೆಲ್ ಮನೆಯವರಿಗೆ

ಕಾವೇರಿ ನೀರಿನ ಮನೆಯಲ್ಲಿ ಚೆನ್ನಾಗಿ ನೊರೆ ಕೊಡುವ ಸೋಪು, ಬೋರ್‌ವೆಲ್ ನೀರಿನ ಮನೆಯಲ್ಲಿ ಬಕೆಟ್ಟಿಗೆ ಬಿಳಿ ಜಿಗುಟು ಅಂಟಿಸಿ ಸುಮ್ಮನಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಇದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಉಪಾಯ. ಕಾಸ್ಟಿಕ್ ಸೋಡಾ ಹಾಕುವ ಮುಂಚೆ ಆ 180 ಗ್ರಾಂ ನೀರಿನಲ್ಲಿ 10 ಗ್ರಾಂ ನಿಂಬೆ ಉಪ್ಪು ಕರಗಿಸಿ. ಆದರೆ ಇದು ಆಮ್ಲ, ಒಂದಿಷ್ಟು ಕ್ಷಾರವನ್ನು ತಾನೇ ತಿನ್ನುತ್ತದೆ. 1 ಗ್ರಾಂಗೆ 0.62 ಗ್ರಾಂ ಲೆಕ್ಕ. ಹಾಗಾಗಿ ಕಾಸ್ಟಿಕ್ ಸೋಡಾ 74ರ ಬದಲು 80 ಗ್ರಾಂ ಆಗಬೇಕು. ನಿಂಬೆ ಉಪ್ಪು ಹಾಕದೆ ಸೋಡಾ ಮಾತ್ರ ಹೆಚ್ಚಿಸಿದರೆ ಮೈ ಸುಡುವ ಸೋಪಾಗುತ್ತದೆ, ಜೋಪಾನ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಕಾಸ್ಟಿಕ್ ಸೋಡಾ ತರುವುದೇ ಬೇಡ ಅನ್ನಿಸಿದರೆ ಸೋಪ್ ಬೇಸ್ ತನ್ನಿ. ಬಿಸಿನೀರಿನ ಮೇಲೆ ಕರಗಿಸಿ, ಅರ್ಧ ಕೆಜಿಗೆ ಒಂದು ಚಮಚ ಬೇವಿನೆಣ್ಣೆ, ಒಂದು ಚಮಚ ನುಣ್ಣನೆ ಬೇವಿನ ಪುಡಿ ಕಲಸಿ ಅಚ್ಚಿಗೆ ಹಾಕಿದರೆ ಸಂಜೆಗೆ ಸೋಪು ರೆಡಿ. ಅಲ್ಲಿ ಕ್ಷಾರದ ಕೆಲಸ ಫ್ಯಾಕ್ಟರಿಯಲ್ಲೇ ಮುಗಿದಿರುತ್ತದೆ.

ನಿಜವಾಗಿಯೂ ಬ್ಯಾಕ್ಟೀರಿಯಾ ತಡೆಯುತ್ತಾ?

ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಲಾಗದು. ಬ್ರೆಡ್ ಮೇಲೆ, ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾಹಸ ಬೇಡ. ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಒಂದು ಸಲಹೆ ಇದೆ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ಬೇವಿನ ಸೋಪಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಉಂಗುರ ಕಂಡ ಕೂಡಲೇ ಬೇವು ಗೆದ್ದಿತು ಅಂತ ಬರೆದುಬಿಡುತ್ತಾರೆ. ಸೋಪಿನ ಕ್ಷಾರವೇ ಆ ಉಂಗುರ ಮಾಡಿರಬಹುದು. ಅದೇ ಎಣ್ಣೆ, ಅದೇ ಅಳತೆ, ಬೇವಿನೆಣ್ಣೆಯ ಜಾಗದಲ್ಲಿ ತೆಂಗಿನೆಣ್ಣೆ ಹಾಕಿದ ಇನ್ನೊಂದು ಸೋಪು ಪಕ್ಕದ ತಟ್ಟೆಯಲ್ಲಿರಬೇಕು. ಎರಡು ಉಂಗುರಗಳ ನಡುವಿನ ವ್ಯತ್ಯಾಸ ಎಷ್ಟೋ ಅಷ್ಟೇ ಬೇವಿನದು.

ಮಾರುವ ಯೋಚನೆ ಇರುವವರಿಗೂ ಇದು ಮುಖ್ಯ. ಸ್ನಾನದ ಸೋಪು ನಮ್ಮ ಕಾನೂನಿನಲ್ಲಿ ಕಾಸ್ಮೆಟಿಕ್. 1940ರ ಔಷಧ ಮತ್ತು ಕಾಸ್ಮೆಟಿಕ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಸಿ ಮಾರಲು ಪರವಾನಗಿ ಬೇಕು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮಾರಿದರೂ ಮಾರಾಟ ಮಾರಾಟವೇ. ನೆಂಟರಿಗೆ, ಗೆಳೆಯರಿಗೆ ಸುಮ್ಮನೆ ಕೊಡುವುದಾದರೆ ಒಂದು ಚೀಟಿಯಲ್ಲಿ ಹಾಕಿದ ಎಣ್ಣೆಗಳ ಹೆಸರು, ಮಾಡಿದ ತಾರೀಖು ಬರೆದು ಕೊಡಿ. ಚರ್ಮರೋಗಕ್ಕೆ ರಾಮಬಾಣ ಅಂತ ಮಾತ್ರ ಬರೆಯಬೇಡಿ.